ಹೆಸರಿಲ್ಲದ ಕತ್ತಿ

ಅಪ್ಪಾ,

ನಮ್ಮ ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನಲ್ಲಿ, ತೀರಿಕೊಂಡವರ ಮನೆಸಾಮಾನು ಮಾರುವ ಎಸ್ಟೇಟ್ ಸೇಲ್ ಒಂದರಿಂದ ಆ ಜಪಾನಿ ಕತ್ತಿಯನ್ನು ನೀವು ಹಸುಗೂಸಿನಂತೆ ಎತ್ತಿಕೊಂಡು ಬಂದಿರಿ. ಯಾರೋ ದೊಡ್ಡ ಕಮ್ಮಾರ ಮಾಡಿದ್ದು, ಹಿಡಿ ಬಿಚ್ಚಿದರೆ ಒಳಗಿನ ಕಬ್ಬಿಣದ ಮೇಲೆ ಅವನ ಹೆಸರಿರುತ್ತದೆ ಎಂದಿರಿ. ಬಿಚ್ಚಿದರೆ ಬರೀ ತುಕ್ಕು. ಮರುದಿನ ನೀವು ನಿಮ್ಮ ಕ್ಲಿನಿಕ್‌ಗೆ ಹೋದಾಗ ಅಮ್ಮ ಅದನ್ನು ಹುಣಸೆಹಣ್ಣು ಹಾಕಿ, ದೇವರ ಪಾತ್ರೆ ತಿಕ್ಕುವ ಹಾಗೆ ಥಳಥಳ ತಿಕ್ಕಿಟ್ಟಳು. ನಿಮಗೆ ಓದಲು ಸುಲಭವಾಗಲಿ ಎಂದು.

ಆ ಸಂಜೆ ನೀವು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಕ್ಕಿರಿ. "ಹೆಸರನ್ನೇ ತೊಳೆದು ಸಿಂಕ್‌ಗೆ ಬಿಟ್ಬಿಟ್ಯಲ್ಲೇ!" ಆಮೇಲೆ ಮನೆಗೆ ಯಾರು ಬಂದರೂ, ಅಮ್ಮ ಕಾಫಿ ತಂದಿಡುವ ಹೊತ್ತಿಗೆ ಸರಿಯಾಗಿ ಅದೇ ಕತೆ. ಅಂಕಲ್‌ಗಳು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಅಪ್ಪಾ. ಹದಿನಾರು ವರ್ಷದವಳು, ನಿಮ್ಮ ಪಕ್ಕದಲ್ಲೇ ಕೂತು...

ಕಳೆದ ತಿಂಗಳು ಕತ್ತಿಯನ್ನು ಕಾರಿನಲ್ಲಿಟ್ಟುಕೊಂಡು ಶಾಮ್‌ಬರ್ಗ್‌ವರೆಗೆ ಡ್ರೈವ್ ಮಾಡಿದೆ. ಅಲ್ಲೊಂದು ಹೋಟೆಲಿನಲ್ಲಿ ಕತ್ತಿ ಸಂಗ್ರಾಹಕರು ಸೇರಿದ್ದರು. ಮಾಡಿದವನ ಹೆಸರನ್ನು ಹೇಗಾದರೂ ಪತ್ತೆ ಮಾಡಿಸಿ ಅಮ್ಮನ ಕೈಗಿಡಬೇಕು ಅಂದುಕೊಂಡಿದ್ದೆ. ಜಪಾನಿ ಮೂಲದ ಮುದುಕರೊಬ್ಬರು ನನ್ನಿಂದ ಹುಣಸೆಹಣ್ಣಿನ ಕತೆ ಕೇಳಿ, ಹಿಡಿ ಬಿಚ್ಚಿ, ದೀಪದಡಿ ಹೊರಳಿಸಿ ನೋಡಿದರು. "ಉಳಿಯಿಂದ ಕೆತ್ತಿದ ಹೆಸರು ಯಾವ ಹುಳಿಗೂ ಅಳಿಸಿಹೋಗುವುದಿಲ್ಲ. ಇದರಲ್ಲಿ ಹೆಸರು ಇರಲೇ ಇಲ್ಲ. ಯುದ್ಧಕಾಲದಲ್ಲಿ ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ಮಾಡಿದ್ದು" ಎಂದು, ಕಾರ್ಖಾನೆಯ ಪುಟ್ಟ ಮುದ್ರೆಯನ್ನು ತೋರಿಸಿದರು. ಆಮೇಲೆ ನನ್ನ ಮುಖ ನೋಡಿದರು. "ಹೀಗೆ ಹೊಳೆಯುವ ಕಬ್ಬಿಣವನ್ನು ಒಂದೇ ಸಲ ನೋಡಿದ್ದೇನೆ. ಡೆಟ್ರಾಯಿಟ್ ಕಡೆಯ ಇಂಡಿಯನ್ ಡಾಕ್ಟರ್ ಒಬ್ಬರು ತಂದಿದ್ದರು. ಹನ್ನೆರಡು ವರ್ಷವಾಯಿತೇನೋ. ಅವರಿಗೂ ಇದನ್ನೇ ಹೇಳಿದೆ."

ಹನ್ನೆರಡು ವರ್ಷ. ನೀವು ತೀರಿಕೊಂಡದ್ದು ಹೋದ ವರ್ಷ. ಹಾಗಾದರೆ ನಡುವಿನ ಅಷ್ಟೂ ದೀಪಾವಳಿಗಳಲ್ಲಿ, ಅಷ್ಟೂ ಜನರ ಮುಂದೆ... ಗೊತ್ತಿದ್ದೂ?

ಆಸ್ಪತ್ರೆಯಲ್ಲಿ ಕೊನೆಯ ವಾರ ಅಮ್ಮ ನಿಮ್ಮ ಕಾಲು ಹಿಡಿದುಕೊಂಡು, "ಆ ಕತ್ತಿ ವಿಷಯ ಕ್ಷಮಿಸಿಬಿಡೀಂದ್ರೆ" ಎಂದು ಅತ್ತಳು. ನೀವು ಕಣ್ಣು ಮುಚ್ಚಿಕೊಂಡೇ, "ಹೋಗ್ಲಿ ಬಿಡು, ಕ್ಷಮಿಸಿದೀನಿ" ಎಂದಿರಿ. ಆ ಮಾತು ಬಾಯಿಗೆ ಹೇಗೆ ಬಂತು, ಅಪ್ಪಾ?

ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ಅಡುಗೆಮನೆಯಲ್ಲಿ ನಿಂತೇ ಕೇಳಿಸಿಕೊಂಡಳು. "ಅವರಿಗೆ ಗೊತ್ತಿತ್ತಾ?" ಎಂದು ಒಂದೇ ಒಂದು ಸಲ ಕೇಳಿ, ಫೋನ್ ತೆಗೆದುಕೊಂಡಳು.

ಮುಂದಿನ ಶನಿವಾರ ನಿಮ್ಮ ಮೊದಲ ವರ್ಷದ ತಿಥಿ.

"ಬರ್ಬೇಡಿ ಶಾಸ್ತ್ರಿಗಳೇ" ಎಂದಳು. "ಇಲ್ಲ, ಮುಂದಕ್ಕೆ ಹಾಕ್ತಿಲ್ಲ. ಮಾಡೋದೇ ಇಲ್ಲ."

ನಾನು ತಡೆಯಲಿಲ್ಲ.