ತೆರೆಯ ಮೇಲಿಲ್ಲದ ಕುರಿ

ವಿಜಾಪುರ ರಸ್ತೆ, ಸೊಲ್ಲಾಪುರ
12 ನವೆಂಬರ್ 2025, ಬುಧವಾರ

ಅಕ್ಕಲಕೋಟದ ನನ್ನ ಕಸ್ತೂರಕ್ಕನಿಗೆ ತಂಗಿ ಸುಗಲಾ ಕಾಲು ಮುಟ್ಟಿ ಬರೆಯುವುದು.

ಇವರು ಆರಾಮ ಇದ್ದಾರೆ. ಮೊಣಕಾಲು ನೋವೊಂದನ್ನು ಬಿಟ್ಟರೆ ಮೈಗೆ ನಾನೂ ಆರಾಮ. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಫೋನಿನಲ್ಲಿ ನೀನು ಯಾರ ಮಾತನ್ನೂ ಮುಗಿಸಲು ಬಿಡುವವಳಲ್ಲ. ಅದೂ ಅಲ್ಲದೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿ ಇಡೀ ಓಣಿಗೆ ಕೇಳಿಸುತ್ತೀರಿ. ಇದನ್ನು ಒಬ್ಬಳೇ ಕುಳಿತು ಓದು.

ಸೋಮವಾರ ನೀನು ಕೇಳಿದ್ದಕ್ಕೆ ಇದು ಉತ್ತರ. ಬರುವ ರವಿವಾರ ಪ್ರಣಿತಾಳನ್ನು ಕೇಳಲು ನಿಲೇಶನ ಹಿರಿಯರು ಬರುತ್ತಾರೆ. ಅಷ್ಟರೊಳಗೆ ನಾನೊಂದು ಕನಸು ಕಂಡು ತಿಳಿಸಬೇಕು. ಕನಸಿನಲ್ಲಿ ನಮ್ಮ ಮನೆದೇವರು ಬೀರೋಬಾ ಬೇಡವೆಂದರೆ ಮಗಳು ಎಷ್ಟೇ ಅತ್ತರೂ ಒಪ್ಪುವುದಿಲ್ಲ ಎಂದು ನೀನೇ ಹೇಳಿದೆ. ಹುಡುಗನಿಗೆ ಟಾವೆಲ್ ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸವಿದೆ, ಹುಡುಗಿಗೆ ಮನಸ್ಸಿದೆ, ಮಿಕ್ಕದ್ದೆಲ್ಲ ನಿಂತಿರುವುದು ನನ್ನ ನಿದ್ದೆಯ ಮೇಲೆ. ಅಕ್ಕಾ, ಆ ನಿದ್ದೆಯ ವಿಷಯವನ್ನೇ ಹೇಳಬೇಕಾಗಿದೆ. ಆದರೆ ಮೊದಲು ಪಿಕ್ಚರಿನ ವಿಷಯ ಹೇಳುತ್ತೇನೆ, ಇಲ್ಲದಿದ್ದರೆ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀ.

ನನ್ನ ಚಹಾದ ಗಾಡಿಯ ಎದುರಿನ ಟಾಕೀಜಿನಲ್ಲಿ ಎರಡು ವಾರದಿಂದ ಕನಸಿನದೊಂದು ಪಿಕ್ಚರ್ ನಡೆದಿದೆ. ಇಂಗ್ಲಿಷಿನದು, ಹಿಂದಿ ಮಾತು ಹಾಕಿದ್ದಾರೆ. ಒಬ್ಬ ವಿಜ್ಞಾನಿ ತನ್ನ ಕನಸನ್ನು ಊರಿನ ನಳದ ನೀರಿಗೆ ಬಿಡುತ್ತಾನಂತೆ. ನೀರು ಕುಡಿದವರಿಗೆಲ್ಲ ಅದೇ ಕನಸು. ಕೊನೆಗೆ ಯಾರು ಎಚ್ಚರ ಇದ್ದಾರೆ, ಯಾರು ಮಲಗಿದ್ದಾರೆ ಎಂಬುದು ಯಾರಿಗೂ ತಿಳಿಯುವುದಿಲ್ಲವಂತೆ. ನಾಲ್ಕು ದಿನಕ್ಕೊಮ್ಮೆ ನಳ ಬರುವ ಸೊಲ್ಲಾಪುರದಲ್ಲಿ ಅವನ ಆಟ ನಡೆಯದು ಎಂದು ನಾನು ನಗಾಡಿದ್ದೆ.

ಆಟ ಬಿಟ್ಟ ಕೂಡಲೇ ಜನ ಸೀದಾ ನನ್ನ ಗಾಡಿಗೆ ಬರುತ್ತಾರೆ. ಪಿಕ್ಚರ್ ಹೇಗಿದೆ ಎಂದು ಪೇಪರಿನವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಮೊದಲ ದಿನ ಒಬ್ಬ, "ತಲಿ ಗರಗರ ತಿರಗಾಕತ್ತೈತಿ, ಬಾಯಿ" ಎಂದು ಎರಡು ಚಹಾ ಕುಡಿದ. ಇನ್ನೊಬ್ಬ ಹೆಂಡತಿಗೆ ಕಥೆ ತಿಳಿಸಿ ಹೇಳಲು ಹೋಗಿ ತಾನೇ ಗೊಂದಲಕ್ಕೆ ಬಿದ್ದು ಅವಳ ಮೇಲೆ ಸಿಟ್ಟಾದ. ಅವಳು, "ನೀವು ಅರ್ಧ ಪಿಕ್ಚರ್ ಗೊರಕಿ ಹೊಡೀತಿದ್ರಿ, ನನಗೇನ ಹೇಳ್ತೀರಿ?" ಅಂದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಾಲ್ಕನೇ ದಿನ ಒಬ್ಬ ಕಾಲೇಜು ಹುಡುಗಿ ಗ್ಲಾಸು ಹಿಡಿದು ಕುಡಿಯದೆ ನಿಂತಿದ್ದಳು. "ಎಲ್ಲಾ ತಿಳೀತು. ಆದ್ರ ಆ ಕರಿ ಕುರಿ ಯಾಕ ಬಂತು?" ಎಂದು ಗೆಳತಿಯನ್ನು ಕೇಳಿದಳು. ಕುರಿ ಹೊಸ್ತಿಲ ಆಚೆಗೆ ನಿಂತಿತ್ತಂತೆ. ಹೊರಗೆ ಬಿಸಿಲು, ಆದರೂ ಅದರ ಮೈಯಿಂದ ನೀರು ಸೋರುತ್ತಿತ್ತಂತೆ. ನಾನು ಚಹಾ ಸೋಸುವುದನ್ನು ಮರೆತು ನಿಂತೆ. ಮರುದಿನ ಮಕ್ಕಳನ್ನು ಕರೆದುಕೊಂಡು ಬಂದ ಒಬ್ಬ ಗೃಹಸ್ಥ ಅದೇ ಕುರಿಯ ಮಾತು ತೆಗೆದ. ಎಡಗಿವಿ ಹರಿದಿತ್ತು, ಹಿರಿಯ ಮಗ ಅಂಜಿ ಅಪ್ಪಿಕೊಂಡ ಎಂದ. ಮೂರನೆಯವಳು ಒಬ್ಬ ಮುದುಕಿ, ಮರಾಠಿ ಬಿಟ್ಟು ಬೇರೆ ಭಾಷೆ ಗೊತ್ತಿಲ್ಲದವಳು. ಕುರಿ ಏನೋ ಅಂದಿತು, ಹಿಂದಿಯಲ್ಲ, ಮರಾಠಿಯೂ ಅಲ್ಲ ಎಂದು ತಡವರಿಸುತ್ತ ಒಂದೊಂದೇ ಶಬ್ದ ಕೂಡಿಸಿ ಹೇಳಿದಳು: "ಈ ಕೂಸು... ಆ ಮನಿಗಿ... ಬ್ಯಾಡ." ಆಮೇಲೆ, "ತ್ಯಾಚಾ ಅರ್ಥ ಕಾಯ್, ಬಾಯಿ?" ಎಂದು ಅದರ ಅರ್ಥವನ್ನು ನನ್ನನ್ನೇ ಕೇಳಿದಳು.

ಅಕ್ಕಾ, ಈ ಕುರಿ ನಿನಗೆ ಗೊತ್ತು. ಇಪ್ಪತ್ತಾರು ವರ್ಷದ ಹಿಂದೆ ಬೋರಾಮಣಿಯ ಮನೆಯಲ್ಲಿ, ಮಂದ್ರೂಪದ ಧರ್ಮರಾಜನಿಗೆ ನಿನ್ನನ್ನು ಕೊಡಲು ಸಕ್ಕರೆ ಪುಡೆ ಬಂದು ನಿಶ್ಚಯವೂ ಆಗಿತ್ತು. ಮೂರನೇ ದಿನ ಬೆಳಗ್ಗೆ ನಾನು ಎದ್ದು ಅಳುತ್ತ ಕುಳಿತೆ. ಕನಸು ಎಂದೆ. ಅಪ್ಪ ಬೀರೋಬಾನ ಭಂಡಾರವನ್ನು ನನ್ನ ನಾಲಿಗೆಗೆ ಹಚ್ಚಿ, ಹೇಳು ಎಂದ. ದೇವರ ಅರಿಶಿನ ನಾಲಿಗೆಯ ಮೇಲಿರುವಾಗ ಯಾರೂ ಸುಳ್ಳು ಹೇಳಲಾರರು ಎಂದು ಅವನ ನಂಬಿಕೆ. ನಾನು ಕರಿ ಕುರಿಯನ್ನು ಹೇಳಿದೆ, ಸೋರುವ ನೀರನ್ನು ಹೇಳಿದೆ, ಹರಿದ ಕಿವಿಯನ್ನು, ಅದು ಆಡಿದ ಆ ಮಾತನ್ನೂ ಹೇಳಿದೆ. ಕೇಳಿದವರು ಅಪ್ಪ, ಅವ್ವ, ನೀನು, ಮೂವರೇ. ಊರಿಗೆಲ್ಲ ಗೊತ್ತಾದದ್ದು ಬೀರೋಬಾ ಬೇಡವೆಂದ ಎಂಬುದಷ್ಟೇ. ಸಕ್ಕರೆ ಪುಡೆ ತಿರುಗಿ ಹೋಯಿತು. ನೀನು ಎರಡು ದಿನ ಕುರಿದೊಡ್ಡಿ ಬಿಟ್ಟು ಹೊರಗೆ ಬರಲಿಲ್ಲ.

ಆ ಕನಸು ನನಗೆ ಬಿದ್ದಿರಲಿಲ್ಲ.

ಅವತ್ತೂ ಬಿದ್ದಿಲ್ಲ, ಈ ನಲವತ್ತೈದು ವರ್ಷದಲ್ಲಿ ಒಂದು ಕನಸೂ ಬಿದ್ದಿಲ್ಲ. ನಾನು ಮಲಗುತ್ತೇನೆ, ಏಳುತ್ತೇನೆ, ನಡುವೆ ಏನೂ ಇರುವುದಿಲ್ಲ. ಹಿಂದಿನ ದಿನ ಕುರಿ ಕಾಯುತ್ತ ಕುಳಿತು ಅದನ್ನು ತುಂಡು ತುಂಡಾಗಿ ಜೋಡಿಸಿದ್ದೆ. ಹರಿದ ಕಿವಿಯನ್ನು ಕೊನೆಗೆ ಸೇರಿಸಿದ್ದು, ಅಪ್ಪ ನಂಬಲಿ ಎಂದು. ನೀನು ಹೋದರೆ ಆ ಮನೆಯಲ್ಲಿ ನಾನು ಒಬ್ಬಳೇ ಉಳಿಯುತ್ತೇನೆ ಎಂಬ ಹೆದರಿಕೆಗೆ ಹಾಗೆ ಮಾಡಿದೆ. ಆದರೂ ಮರು ವರ್ಷವೇ ನಿನ್ನನ್ನು ಅಕ್ಕಲಕೋಟಕ್ಕೆ ಕೊಟ್ಟರು. ಅದರ ಮರು ವರ್ಷ ಧರ್ಮರಾಜನ ಮನೆಯವರು ನನ್ನನ್ನು ಕೇಳಿಕೊಂಡು ಬಂದರು. ಎಲ್ಲರೂ ದೇವರ ಇಚ್ಛೆ ಎಂದರು. ನಾನೂ ತಲೆ ತಗ್ಗಿಸಿ ಅರಿಶಿನ ಹಚ್ಚಿಸಿಕೊಂಡೆ.

ಗುರುಶಾಂತ ಭಾವ ಕೆಟ್ಟವರಲ್ಲ. ಆದರೆ ನೀನು ಅವರ ಮುಂದೆ ಬಾಯಿ ತುಂಬ ನಕ್ಕಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಆಮೇಲೆ ನಂಟರಿಷ್ಟರ ಒಂಬತ್ತು ಸಂಬಂಧಗಳಿಗೆ ನನ್ನಿಂದ ಕನಸು ಕೇಳಿದರು. ಹಿರಿಯರ ಮನಸ್ಸು ಯಾವ ಕಡೆ ವಾಲಿದೆ ಎಂದು ನೋಡಿ ಒಂಬತ್ತನ್ನೂ ಕಟ್ಟಿ ಕೊಟ್ಟೆ.

ಮುದುಕಿ ಹೋದ ಮೇಲೆ ಟಾಕೀಜಿನ ಗೇಟಿನಲ್ಲಿ ನಿಲ್ಲುವ ಸಾತಲಿಂಗಪ್ಪನನ್ನು ಕೇಳಿದೆ. ದಿನಕ್ಕೆ ಮೂರೂ ಆಟ ನೋಡುವವನು ಅವನು. "ಎಲ್ಲಿ ಕುರಿ? ಬರೇ ಕಾಜಿನ ಕಟ್ಟಡ ಅದಾವ. ಕುರಿ ಬಾಲಾನೂ ಇಲ್ಲ. ಚಹಾದಾಗ ಏನ ಕಲಸ್ತಿ ನೀ?" ಎಂದು ಚಾಷ್ಟಿ ಮಾಡಿದ. ನನಗೆ ನಗು ಬರಲಿಲ್ಲ.

ನಿನ್ನೆ ಗಾಡಿಯನ್ನು ಇವರಿಗೆ ಒಪ್ಪಿಸಿ ಮೂರರ ಆಟಕ್ಕೆ ನಾನೇ ಹೋಗಿ ಕುಳಿತೆ. ಸಾತಲಿಂಗಪ್ಪ ಹೇಳಿದ್ದು ಖರೆ. ಕಟ್ಟಡಗಳು, ನೀರಿನ ಟಾಕಿಗಳು, ಓಡುವ ಜನ. ಮಧ್ಯಂತರಕ್ಕೆ ಸ್ವಲ್ಪ ಮೊದಲು ತೆರೆಯ ಮೇಲೆ ಖಾಲಿ ಬಿಳಿ ಓಣಿಯೊಂದು ಕಾಣಿಸಿತು. ಅಲ್ಲಿ ಯಾರೂ ಇರಲಿಲ್ಲ. ಆದರೆ ಹಾಲಿನಲ್ಲಿ ಮಿಠಾಯಿ ಕಾಗದದ ಸದ್ದೂ ನಿಂತುಹೋಯಿತು. ಹಿಂದೆ ಯಾವುದೋ ಕೂಸು ಚಿಟ್ಟನೆ ಚೀರಿತು. ನನ್ನ ಸಾಲಿನ ಹೆಂಗಸರೆಲ್ಲ ಒಬ್ಬರ ನಂತರ ಒಬ್ಬರು ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡರು, ಕೆಳಗೆ ಒದ್ದೆ ಮೈಯ ಪ್ರಾಣಿಯೊಂದು ಹಾದು ಹೋಗುತ್ತಿದ್ದರೆ ದಾರಿ ಬಿಡುವ ಹಾಗೆ. ಪಕ್ಕದವಳು ನನ್ನ ರಟ್ಟೆ ಹಿಡಿದು, "ಕಾಲ ತಗೀಬೇ, ನಿನ್ನ ಮುಂದ ನಿಂತೈತಿ" ಅಂದಳು. ನನಗೆ ಏನೂ ಕಾಣಲಿಲ್ಲ. ಆದರೆ ನನ್ನ ಸೀರೆಯ ಅಂಚು ಒದ್ದೆಯಾಗಿತ್ತು. ಮನೆಗೆ ಬಂದು ಹಿಂಡಿದೆ, ಕುರಿದೊಡ್ಡಿಯ ವಾಸನೆ ಬಂತು.

ಯಾರೂ ಕಾಣದ ಕನಸು ಇಷ್ಟು ವರ್ಷ ಎಲ್ಲಿ ತಿರುಗುತ್ತಿತ್ತೋ ನನಗೆ ತಿಳಿಯದು. ತಿಳಿಯುವುದು ಇಷ್ಟೇ: ರವಿವಾರ ನನ್ನನ್ನು ಏನೂ ಕೇಳಬೇಡ. ಪ್ರಣಿತಾಳನ್ನು ಎದುರಿಗೆ ಕೂರಿಸಿಕೊಂಡು ಅವಳನ್ನೇ ಕೇಳು. ಅವಳು ಹೂಂ ಎಂದರೆ ಆ ಮನೆಗೆ ಕೊಡು. ನಿನ್ನಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ನೀನು ಜೀವಮಾನವಿಡೀ ನನ್ನ ಜೊತೆ ಮಾತಾಡದಿದ್ದರೂ ಸರಿ, ಕೂಸಿನ ಮದುವೆ ಮುರಿಯಬೇಡ.

ನಿನ್ನ ಎದುರು ನಿಂತು ಇದನ್ನು ಹೇಳಲಾರದ
ತಂಗಿ ಸುಗಲಾ

ತಾ. ಕ.: ಇವತ್ತು ಶುಕ್ರವಾರ. ಎರಡು ದಿನ ಈ ಕಾಗದವನ್ನು ಸಕ್ಕರೆ ಡಬ್ಬಿಯ ಕೆಳಗೆ ಒತ್ತಿಟ್ಟಿದ್ದೆ. ಕಳಿಸುವುದು ಬೇಡ, ಈ ಸಲ ಒಳ್ಳೆಯದೊಂದು ಕನಸು ಕಟ್ಟಿ ಫೋನಿನಲ್ಲಿ ಹೇಳಿಬಿಟ್ಟರೆ ಮದುವೆಯೂ ಆಗುತ್ತದೆ, ನನ್ನ ಮಾನವೂ ಉಳಿಯುತ್ತದೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಇವತ್ತು ಪ್ರಣಿತಾ ನಿಲೇಶನ ಜೊತೆ ಮಧ್ಯಾಹ್ನದ ಆಟಕ್ಕೆ ಬಂದಿದ್ದಳು, ಬೈಯಬೇಡ ಅವಳನ್ನು. ಹೊರಗೆ ಬಂದವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. "ಮೌಶಿ, ಎಲ್ಲಾರೂ ಕುರಿ ಮಾತಾಡ್ತು ಅನ್ನಾಕತ್ತಾರ. ಕುರಿ ಮಾತಾಡಲಿಲ್ಲ. ಅದರ ಹಿಂದ ಒಂದ ಹುಡುಗಿ ಅಡಗಿ ಕುಂತಿದ್ಲು, ಆಕಿ ಮಾತಾಡಿದ್ಲು. ಥೇಟ್ ನಿನ್ನಂಗ ಇದ್ಲು. ಆಕಿ ಯಾಕ ನಗಾಕತ್ತಿದ್ಲು, ಮೌಶಿ?" ಎಂದು ಕೇಳಿದಳು.

ಅಕ್ಕಾ, ಒಬ್ಬಳೇ ಉಳಿಯುವ ಹೆದರಿಕೆಗೆ ಎಂದು ಮೇಲೆ ಬರೆದದ್ದೂ ಸುಳ್ಳು. ಧರ್ಮರಾಜ ನಿನ್ನನ್ನು ನೋಡಲು ಬಂದ ದಿನ ಅವನಿಗೆ ನೀರು ಕೊಟ್ಟವಳು ನಾನು. ಆ ಕ್ಷಣದಿಂದಲೇ ಅವನು ನನಗೆ ಬೇಕಾಗಿದ್ದ. ಈ ಕಾಗದವನ್ನು ಪ್ರಣಿತಾಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಮರಾಠಿ ಸಾಲೆಯ ಹುಡುಗಿ, ಅವಳಿಗೆ ಕನ್ನಡ ಓದಲು ಬಾರದು. ನೀನೇ ಅವಳಿಗೆ ಓದಿ ಹೇಳು, ಒಂದು ಸಾಲನ್ನೂ ಬಿಡಬೇಡ.