ಸೇಸಮ್ಮನ ಕಾಗದದ ಕಟ್ಟು

ಫೆಬ್ರವರಿ 3, ಸೋಮವಾರ

ಇವತ್ತೂ ಶೆಡ್ಡಿಗೆ ಬಂದ ಒಣಕಸದಲ್ಲಿ ಮೀನು ಸುತ್ತಿದ ಪೇಪರ್. ಬಿಸಿಲಿಗೆ ಒಣಗಿಸಿ, ಮಡಚಿ, ಒಳ್ಳೆ ಪೇಪರಿನ ನಡುವೆ ಇಟ್ಟಿದ್ದಾರೆ. ವಾಸನೆ ಹೋದರೆ ಸಾಕು ಅಂತ ಲೆಕ್ಕ. ಇಂಥದ್ದು ಕಂಡರೆ ಕಾಗದದ ಮಿಲ್ಲಿನವರು ಇಡೀ ಬಂಡಲ್ ಹಿಂದೆ ಕಳಿಸ್ತಾರೆ. ತೆಗೆದು ಗೊಬ್ಬರದ ಗುಂಡಿಗೆ ಹಾಕಿದೆ. ಆಮೇಲೆ ರಟ್ಟಿನ ಪೆಟ್ಟಿಗೆ — ಟೇಪ್ ಕಿತ್ತು, ಚಪ್ಪಟೆ ಮಾಡಿ, ಕಟ್ಟುವುದು. ನಿಂತು ಮಾಡುವ ಕೆಲಸ. ನನಗೆ ಅದೇ ಬೇಕು. ಪಿಯುಸಿ ಬಿಟ್ಟು ಎಂಟು ತಿಂಗಳು. ಬೆಂಚಿನಲ್ಲಿ ಕೂತಿರಲು ಆಗಲಿಲ್ಲ, ಅಷ್ಟೆ. ಪಂಚಾಯತಿನ ಕಸದ ಗಾಡಿ ಓಡಿಸುವ ಕುಸುಮಕ್ಕನೇ ಈ ಕೆಲಸ ಕೊಡಿಸಿದ್ದು.

ಫೆಬ್ರವರಿ 5, ಬುಧವಾರ

ಒಣಕಸದ ದಿನ, ಗಾಡಿಯಲ್ಲಿ ನಾನೂ ಹೋಗುವುದು. ಸೇಸಮ್ಮನ ಮನೆಗೆ ಬಣ್ಣ ಹೊಡೆಸ್ತಾ ಇದ್ದಾರೆ. ಮೊಳೆಗೆ ಸಿಕ್ಕಿಸಿಟ್ಟ ಆಮಂತ್ರಣ ಪತ್ರಿಕೆ ಎಲ್ಲ ನೂಲಿನಲ್ಲಿ ಕಟ್ಟಿ ತಂದರು. ಮದುವೆ, ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶ. ಎಲ್ಲದರ ಮೇಲೂ ದೇವರ ಚಿತ್ರ. ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಮಗಾ, ಇದನ್ನು ಹೊಳೆಗೆ ಬಿಡ್ತೀಯಲ್ಲ?"

"ಇಲ್ಲಮ್ಮ. ಶೆಡ್ಡಿಗೆ ಹೋಗ್ತದೆ."

"ಕುಸುಮ ನೇತ್ರಾವತಿಗೆ ಬಿಡ್ತೇನೆ ಅಂತ ತಕೊಂಡು ಹೋಗ್ತಾಳಲ್ಲ. ಎರಡು ವರ್ಷದಿಂದ!"

"ಅದೂ ಶೆಡ್ಡಿಗೇ ಹೋದದ್ದು."

ಕಟ್ಟು ನನ್ನ ಕೈಯಿಂದ ವಾಪಸ್ ತೆಗೆದುಕೊಂಡರು. ಗೇಟು ಹಾಕಿದರು.

ಕುಸುಮಕ್ಕ ಸ್ಟೇರಿಂಗ್ ಹಿಡಿದು ಕೂತಿದ್ದರು. ಎಲ್ಲ ಕೇಳಿಸಿತ್ತು.

"ಒಂದು ಹೂಂ ಅಂದಿದ್ರೆ ನಾಲಗೆ ಸವೆದು ಹೋಗ್ತಿತ್ತಾ ಮಾರಾಯ್ತಿ?"

ಆಮೇಲೆ ಮಾತಿಲ್ಲ.

ಫೆಬ್ರವರಿ 12, ಬುಧವಾರ

ಸೇಸಮ್ಮನ ಮನೆಯ ಮಾತು ಊರೆಲ್ಲ ಹಬ್ಬಿದೆ. ಹನ್ನೊಂದು ಮನೆಯ ಗೇಟು ತೆರೆಯಲಿಲ್ಲ. ಹಿತ್ತಲಲ್ಲಿ ಹೊಗೆ... ಪೇಪರ್, ಪ್ಲಾಸ್ಟಿಕ್ ಒಟ್ಟಿಗೆ ಸುಡ್ತಾ ಇದ್ದಾರೆ. ದೇವರ ಚಿತ್ರ ಮೆಟ್ಟಿ ಬಂಡಲ್ ಮಾಡ್ತಾರೆ, ಸುಳ್ಳು ಹೇಳಿದ ಕುಸುಮನನ್ನು ತೆಗೆಯಿರಿ ಅಂತ ಪಂಚಾಯತಿಗೆ ಅರ್ಜಿ. ಶನಿವಾರ ವಿಚಾರಣೆ. ಕುಸುಮಕ್ಕನ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ.

ಸಂಜೆ ವಾರ್ಡ್ ಮೆಂಬರ್ ಶೇಖರಣ್ಣ ಶೆಡ್ಡಿಗೆ ಬಂದರು.

"ಸೇಸಮ್ಮನಿಗೆ ಪ್ರಾಯ ಆಯ್ತು, ಮರೆವು, ಕುಸುಮ ಹಾಗೆ ಹೇಳಿಯೇ ಇಲ್ಲ ಅಂತ ಶನಿವಾರ ಹೇಳು. ಮುಗೀತು."

"ಅವರಿಗೆ ಮರೆವಿಲ್ಲ."

"ಹಾಗಾದ್ರೆ ಕುಸುಮನ ಕೆಲಸ ಹೋಗ್ತದೆ. ಗಾಡಿ ನೀನು ಓಡಿಸ್ತೀಯಾ?"

ಅರ್ಧ ಕಟ್ಟಿದ ಬಂಡಲಿನ ಹಗ್ಗ ಎಳೆದು ಬಿಗಿದೆ. ಸುಳ್ಳು ಹೇಳಲು ಒಪ್ಪಲಿಲ್ಲ. ಕುಸುಮಕ್ಕ ಮಾತ್ರ ಏನೂ ಕೇಳಲಿಲ್ಲ. ಕೇಳಿದ್ದರೆ ಸುಲಭ ಇತ್ತು.

ಫೆಬ್ರವರಿ 14, ಶುಕ್ರವಾರ

ಒಬ್ಬಳೇ ಸೇಸಮ್ಮನ ಮನೆಗೆ ಹೋದೆ. ಕ್ಷಮೆ ಕೇಳಲಿಕ್ಕಲ್ಲ. "ಶೆಡ್ಡಿನಲ್ಲಿ ಏನು ಮಾಡ್ತೇವೆ ಅಂತ ಬಂದು ನೋಡಿ" ಅಂದೆ. ಬಂದರು, ಕಟ್ಟು ಸಮೇತ. ಕುಸುಮಕ್ಕ ಎದ್ದು ಕುರ್ಚಿ ಕೊಟ್ಟರು.

"ಕುಸುಮಾ, ಹೊಳೆಗೆ ಅಂತ ಯಾಕೆ ಹೇಳಿದ್ದು ನೀನು?"

"ಇಲ್ಲ ಅಂದಿದ್ರೆ ನೀವು ಕೊಡ್ತಿರಲಿಲ್ಲಮ್ಮ."

ಸೇಸಮ್ಮ ಕಟ್ಟಿನ ನೂಲು ಬಿಚ್ಚಿದರು. "ಕೊಡ್ತಿರಲಿಲ್ಲ. ಅದು ಹೌದು."

ಕತ್ತರಿ ಕೇಳಿದರು. ದೇವರ ಚಿತ್ರ ಒಂದೊಂದೇ ಕತ್ತರಿಸಿ ಸೆರಗಿಗೆ, ಉಳಿದದ್ದು ನನಗೆ. ಮಿನುಗುವುದನ್ನು ಬೇರೆ ರಾಶಿಗೆ ಹಾಕಿದೆ.

"ಅದು ಯಾಕೆ ಆಚೆ?"

"ಮೇಲೆ ಪ್ಲಾಸ್ಟಿಕ್ ಪದರ ಉಂಟು. ನೀರಲ್ಲಿ ಕರಗುವುದಿಲ್ಲ. ಮಿಲ್ಲಿಗೂ ಬೇಡ, ಹೊಳೆಗೂ ಬೇಡ."

ಮಗಳ ಮದುವೆಯ ಪತ್ರಿಕೆ ಹಿಡಿದು ಎಳೆದು ನೋಡಿದರು. ಹರಿಯಲಿಲ್ಲ.

"ಇದೇ ಚಂದ ಅಂತ ಹಟ ಮಾಡಿ ಮಾಡಿಸಿದ್ದು ನಾನು!" ನಕ್ಕರು. ಕುಸುಮಕ್ಕನೂ. ನನ್ನ ಕಡೆ ನೋಡಿ ಅಲ್ಲ.

ಫೆಬ್ರವರಿ 15, ಶನಿವಾರ

ವಿಚಾರಣೆಯಲ್ಲಿ ಪಂಚಾಯತಿ ಅಧ್ಯಕ್ಷರು ನನ್ನ ಕಡೆ ತಿರುಗುವ ಮೊದಲೇ ಕುಸುಮಕ್ಕ ಎದ್ದರು. "ಸುಳ್ಳು ಹೇಳಿದ್ದು ನಾನೇ. ಅವಳನ್ನು ಕೇಳುವುದು ಬೇಡ."

ಸೇಸಮ್ಮ ಹಿಂದಿನಿಂದ, "ನನ್ನತ್ರ ಹೇಳಿದ ಸುಳ್ಳು. ನಾವು ಮಾತಾಡಿ ಆಗಿದೆ. ಗಾಡಿ ಅವಳೇ ತರಲಿ. ದೇವರ ಚಿತ್ರ ನಾವೇ ಕತ್ತರಿಸಿಕೊಂಡು ಉಳಿದದ್ದು ಕೊಡುವ."

ಅರ್ಜಿ ಅಲ್ಲಿಗೇ ನಿಂತಿತು. ಕೆಲಸ ಉಳಿಯಿತು.

ಬರುವಾಗ ಗಾಡಿಯಲ್ಲಿ, ಹತ್ತು ದಿನದ ಮೇಲೆ ಕುಸುಮಕ್ಕ —

"ವಿಸ್ಮಿತಾ, ನೀನು ಹೇಳಿದ್ದು ತಪ್ಪಲ್ಲ. ಪಕ್ಕದಲ್ಲೇ ಕೂತಿರ್ತೀಯಲ್ಲ, ಮೊದಲು ನನ್ನತ್ರ ಹೇಳಬಹುದಿತ್ತು."

ಹೂಂ ಅಂದೆ. ಪೂರ್ತಿ ಹೇಳಲಿಲ್ಲ. ಹೋದ ತಿಂಗಳು ಇನ್ನೊಂದು ಮನೆಯಲ್ಲಿ ಅವರು ಹೊಳೆಗೆ ಅಂದದ್ದು ನನಗೆ ಕೇಳಿಸಿತ್ತು. ಆಗ ಸುಮ್ಮನಿದ್ದೆ. ಆಮೇಲೆ ಗೇಟಿನ ಎದುರು ನಿಂತು, ನಾನೊಬ್ಬಳೇ ಸರಿ ಅನ್ನುವ ಹಾಗೆ... ಸೋಮವಾರ ಗಾಡಿ ಹತ್ತುವ ಮೊದಲು ಇದನ್ನು ಕುಸುಮಕ್ಕನಿಗೆ ಹೇಳಬೇಕು.