ನಾಲ್ಕನೇ ದಿನಕ್ಕೆ ಕಾದವರು

ಮಾರ್ಚ್ 3, ಸೋಮವಾರ

ವಾಪಸು ಬಂದ ಪುಸ್ತಕ ನಲವತ್ತೊಂದು. ಒಂದರೊಳಗೆ ಬುಕ್‌ಮಾರ್ಕ್ ಬದಲು ಬಾಚಣಿಗೆ. ತೊಳೆದು ಕೌಂಟರ್ ಮೇಲಿಟ್ಟೆ. ಸಂಜೆಯವರೆಗೂ ಯಾರೂ ನನ್ನದು ಅನ್ನಲಿಲ್ಲ.

ಪಟ್ಟಿಯ ಕಾಲ ಬಂತು. ‘ಲೋಕ ತಿಳಿಯಲು ಹತ್ತು ಪುಸ್ತಕ’. ಹದಿನೇಳನೇ ವರ್ಷ. ಕಥೆ, ಕಾದಂಬರಿ ಇಲ್ಲ, ನಿಜ ಹೇಳುವ ಪುಸ್ತಕ ಮಾತ್ರ. ಒಂದೊಂದರ ಒಳರಟ್ಟಿಗೂ ನನ್ನ ಕೈಬರಹದ ಚೀಟಿ ಅಂಟಿಸಬೇಕು. ಯಾಕೆ ಓದಬೇಕು ಅಂತ ನಾಲ್ಕು ಸಾಲು, ಕೆಳಗೆ ಸಹಿ. ಸಹಿ ಇಲ್ಲದೆ ಚೀಟಿ ಇಲ್ಲ. ಅದು ಮೇಷ್ಟ್ರ ಕಾನೂನು.

ಮೇಷ್ಟ್ರು ಅಂದರೆ ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೂ ಎಲ್ಲರಿಗೂ ಮೇಷ್ಟ್ರೇ. ಹತ್ತೊಂಬತ್ತರ ವಯಸ್ಸಿನಲ್ಲಿ ಧೂಳು ಹೊಡೆಯಲು ಸೇರಿದವಳನ್ನು ಲೈಬ್ರೇರಿಯನ್ ಮಾಡಿದ್ದು ಅವರು. “ಪುಸ್ತಕ ಓದಿ ಅಂತ ಹೇಳೋದು ಜಾಮೀನು ನಿಂತ ಹಾಗೆ ಕಣಮ್ಮ. ಅಡಿಟಿಪ್ಪಣಿ ಓದದೆ ಸಹಿ ಹಾಕಬೇಡ” ಅನ್ನುತ್ತಿದ್ದರು. ಇವತ್ತಿಗೂ ಹಾಕಿಲ್ಲ.

ನಂಬರ್ ಒಂದು ಪ್ರತಿ ವರ್ಷವೂ ಅದೇ: ‘ಬಟ್ಟಲ ಕಣಿವೆ’. ದೂರದ ಬೆಟ್ಟಗಳ ನಡುವೆ ಒಂದು ಕಣಿವೆ. ಅಲ್ಲಿ ಎರಡು ವರ್ಷ ಇದ್ದು ಬಂದ ಪ್ರವಾಸಿಯೊಬ್ಬ ಬರೆದದ್ದು, ಮೇಷ್ಟ್ರೇ ಅನುವಾದಿಸಿದ್ದು. ಆ ಜನ ಜಗಳ ಆಡುವುದಿಲ್ಲ. ಸಿಟ್ಟು ಬಂದರೆ ಎದುರಿನವರ ಬಟ್ಟಲನ್ನು ಬೋರಲು ಹಾಕುತ್ತಾರೆ. ಮೂರು ದಿನ ಮಾತಿಲ್ಲ. ಮೂರನೇ ಸಂಜೆ ಹಾಕಿದವರೇ ಎತ್ತಿ ನೀರು ತುಂಬಿಸಿ ಕೊಡಬೇಕು. ಅಲ್ಲಿಗೆ ಮುಗಿಯಿತು. ಐದನೇ ಅಧ್ಯಾಯದ ಕೊನೇ ಸಾಲನ್ನು ಚೀಟಿಯಲ್ಲೂ ಬರೆದಿದ್ದೇನೆ— ‘ನಾಲ್ಕನೇ ದಿನಕ್ಕೆ ಕಾದವರು ಈ ಕಣಿವೆಯಲ್ಲಿ ಯಾರೂ ಇಲ್ಲ.’

ನನ್ನ ಸಂಸಾರ ಉಳಿದದ್ದೇ ಈ ಪುಸ್ತಕದಿಂದ. ಮದುವೆಯಾದ ಮೊದಲ ವರ್ಷ ದಿನಾ ಕಣ್ಣು ಊದಿಸಿಕೊಂಡು ಕೆಲಸಕ್ಕೆ ಬರುತ್ತಿದ್ದೆ. ಮೇಷ್ಟ್ರು ಏನೂ ಕೇಳದೆ ಕೈಗಿಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಬಟ್ಟಲಿನ ಬದಲು ಸ್ಟೀಲ್ ಲೋಟ. ಇವರ ಲೋಟ ಮೊನ್ನೆಯಿಂದ ಬೋರಲಾಗಿದೆ... ನನ್ನ ಛತ್ರಿಯನ್ನು ಡ್ರೈವಿಂಗ್ ಸ್ಕೂಲಿನ ಯಾವಳಿಗೋ ಕೊಟ್ಟು ಬಂದಿದ್ದಾರೆ. ಪಕ್ಕದ ಸೀಟಿನಲ್ಲಿ ಕೂತು ಊರಿಗೆಲ್ಲ ಡ್ರೈವಿಂಗ್ ಕಲಿಸುವವರು, ಕಾಲು ಯಾವಾಗಲೂ ಬ್ರೇಕ್ ಮೇಲೆ. ಮನೆಯಲ್ಲೂ ಹಾಗೇ. ಅದಕ್ಕೇ ಬ್ರೇಕ್ ಸಾಹೇಬರು. ಪಾಪ, ಜಗ್ ಎತ್ತಿಕೊಂಡೇ ನೀರು ಕುಡಿಯುತ್ತಿದ್ದಾರೆ.

ಮಾರ್ಚ್ 5, ಬುಧವಾರ

ನಿನ್ನೆ ಸಂಜೆ ಲೋಟ ಎತ್ತಿದೆ. ಹೊಸ ಛತ್ರಿ ಬಂತು. ಬಣ್ಣ ಕೆಟ್ಟದು, ಹೇಳಲಿಲ್ಲ.

ಒಬ್ಬರು ಬಂದು “ಮೇಡಂ, ಪ್ರಪಂಚ ಪೂರ್ತಿ ಅರ್ಥ ಆಗೋ ಬುಕ್ ಕೊಡಿ. ನೂರು ಪುಟದೊಳಗಿರಲಿ” ಅಂದರು. ನಿಘಂಟು ತೋರಿಸಬೇಕೆನ್ನಿಸಿತು.

ಹೊಸ ಪುಸ್ತಕಗಳ ಕಟ್ಟು ಬಿಚ್ಚಿದೆ. ಒಂದು ಅದೇ ಕಣಿವೆಯದು! ಸಂಶೋಧಕಿಯೊಬ್ಬಳು ಆರು ವರ್ಷ ಅಲ್ಲಿದ್ದು ಬರೆದಿದ್ದಾಳೆ. ಕಾಲುವೆ ನೀರಿನ ವ್ಯಾಜ್ಯಗಳ ಬಗ್ಗೆ. ವ್ಯಾಜ್ಯವೇ? ಅಲ್ಲಿ? ಸ್ವಲ್ಪ ಇರುಸುಮುರುಸಾಯಿತು. ಆದರೂ ಇದನ್ನು ನಂಬರ್ ಎರಡಕ್ಕೆ ಹಾಕಿ ಅಕ್ಕಪಕ್ಕ ಇಟ್ಟರೆ ಚೆನ್ನ.

ತಂಗಿ ಫೋನ್. ಹನ್ನೆರಡನೇ ದಿನವಂತೆ.

ಐದು ವರ್ಷದ ಹಿಂದೆ ಅವಳಿಗೂ ‘ಬಟ್ಟಲ ಕಣಿವೆ’ ಕೊಟ್ಟೆ. ಅವಳ ಗಂಡನೂ ಓದಿದ. ಜೀವನದಲ್ಲಿ ಅವನು ಓದಿದ ಒಂದೇ ಪುಸ್ತಕ. ಅವಳ ಲೋಟ ಬೋರಲು ಹಾಕುವುದನ್ನು ಕಲಿತ, ಎತ್ತುವುದನ್ನು ಕಲಿಯಲಿಲ್ಲ. ಒಮ್ಮೆ ನಲವತ್ತು ದಿನ ಮನೆಯಲ್ಲಿ ಒಂದು ಮಾತಿಲ್ಲ. ಆಗ ತಂಗಿ ಕೇಳಿದ್ದಳು, “ಅಕ್ಕಾ, ನಾಲ್ಕನೇ ದಿನಾನೂ ಎತ್ತದೇ ಇದ್ರೆ ಅಲ್ಲಿ ಏನ್ ಮಾಡ್ತಾರಂತೆ?” ಪುಸ್ತಕವೆಲ್ಲ ಹುಡುಕಿದೆ, ಇರಲಿಲ್ಲ. ಮೇಷ್ಟ್ರನ್ನು ಕೇಳಿದೆ. “ಎತ್ತೇ ಎತ್ತುತ್ತಾರಮ್ಮ. ತಾಳಿದವನು ಬಾಳಿಯಾನು” ಅಂದರು. ಅದನ್ನೇ ಅವಳಿಗೆ ದಾಟಿಸಿದೆ. ಇವತ್ತೂ ಅದನ್ನೇ ಹೇಳಿದೆ. “ಸರಿ ಅಕ್ಕಾ” ಅಂದಳು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 3

ಹೊಸ ಪುಸ್ತಕದ ಪುಟ 212. ಅಡಿಟಿಪ್ಪಣಿ 9. ಸುಮ್ಮನೆ ಇಲ್ಲಿ ಇಳಿಸಿಕೊಳ್ಳುತ್ತೇನೆ.

‘ಬಟ್ಟಲ ಕಣಿವೆ’ಯ ಲೇಖಕ ಅಲ್ಲಿದ್ದದ್ದು ಹನ್ನೊಂದು ದಿನ. ಎರಡು ವರ್ಷ ಅಲ್ಲ. ಬಟ್ಟಲು ಬೋರಲು ಹಾಕುವ ಪದ್ಧತಿ ಅಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದರೆ ನಗುತ್ತಾರೆ. ಅದು ತನ್ನ ಕಲ್ಪನೆ ಎಂದು ಲೇಖಕನೇ ತನ್ನ ಅನುವಾದಕನೊಬ್ಬನಿಗೆ ಬರೆದಿದ್ದಾನೆ. ಪತ್ರದ ನಕಲು ಸಿಕ್ಕಿದೆ. ಇಪ್ಪತ್ಮೂರು ವರ್ಷ ಹಳೆಯದು.

ಅನುವಾದಕನೊಬ್ಬ. ಪುಸ್ತಕ ಒಂಬತ್ತು ಭಾಷೆಗೆ ಹೋಗಿದೆ. ಒಂಬತ್ತರಲ್ಲಿ ಒಬ್ಬ. ಮೇಷ್ಟ್ರಲ್ಲ. ಮೇಷ್ಟ್ರಾಗಿದ್ದರೆ ಅವತ್ತೇ ಪುಸ್ತಕ ತೆಗೆಸಿಬಿಡುತ್ತಿದ್ದರು. ಒಂದು ಇಸವಿ ತಪ್ಪಿದ್ದಕ್ಕೆ ಇಡೀ ಚರಿತ್ರೆ ಪುಸ್ತಕವನ್ನು ವಾಪಸು ಕಳಿಸಿದ ಮನುಷ್ಯ.

ಬೇರೆ ಭಾಷೆಯವನೇ ಆಗಿರಲಿ ದೇವರೇ.

ಮಾರ್ಚ್ 8, ಶನಿವಾರ

ಮೇಷ್ಟ್ರ ಮನೆಗೆ ಹೋಗಿದ್ದೆ. ಕಣ್ಣಿನ ಪೊರೆ ಆಪರೇಷನ್ ಆಗಿ ವಾರ ಆಗಿದೆ. ಕಪ್ಪು ಕನ್ನಡಕ, ಮಡಿಲಲ್ಲಿ ರೇಡಿಯೊ. ಓದುವ ಹಾಗಿಲ್ಲ. ಆ ಅಡಿಟಿಪ್ಪಣಿಯನ್ನು ನಾನೇ ಓದಿ ಹೇಳಿದೆ, ಪೇಪರ್ ಓದಿ ಹೇಳುವ ಹಾಗೆ. ಪೂರ್ತಿ ಕೇಳಿದರು.

“ಚೆನ್ನಾಗಿ ಬರೆದಿದ್ದಾಳೆ ಆ ಹುಡುಗಿ” ಅಂದರು. ಆಮೇಲೆ ರೇಡಿಯೊ ಆಫ್ ಮಾಡಿ, “ಆ ಕಾಗದ ನಂಗೇ ಬಂದಿದ್ದು.”

ಅವರ ಸೊಸೆ ಟೀ ತಂದಿಟ್ಟಳು. ಅವಳು ಒಳಗೆ ಹೋದ ಮೇಲೆ ಮೇಷ್ಟ್ರೇ ಮುಂದುವರಿಸಿದರು.

“ಅನುವಾದ ಮಾಡೋವಾಗ ಐದನೇ ಅಧ್ಯಾಯದಲ್ಲಿ ಒಂದು ಡೌಟ್ ಬಂತು. ನಾಲ್ಕನೇ ದಿನಾನೂ ಎತ್ತದಿದ್ರೆ ಏನಾಗುತ್ತೆ ಅಂತ. ಬರೆದು ಕೇಳ್ದೆ.”

ನನ್ನ ತಂಗಿಯ ಪ್ರಶ್ನೆ. ಅಕ್ಷರ ಅಕ್ಷರವೂ ಅದೇ.

“ಏನಂದ?”

“ನಂಗೊತ್ತಿಲ್ಲ, ಅದೆಲ್ಲಾ ನಾನೇ ಕಟ್ಟಿದ್ದು, ನಿಮಗೆ ತೋಚಿದ್ದು ಬರ್ಕೊಳ್ಳಿ ಅಂದ.”

“ನೀವು?”

“ಬರ್ಕೊಂಡೆ.” ತಲೆ ಎತ್ತಿ ನಿಧಾನವಾಗಿ ಹೇಳಿದರು— ನಾಲ್ಕನೇ ದಿನಕ್ಕೆ ಕಾದವರು ಈ ಕಣಿವೆಯಲ್ಲಿ ಯಾರೂ ಇಲ್ಲ. “ಆ ಸಾಲು ಮೂಲದಲ್ಲಿಲ್ಲ. ನಂದು.” ದನಿಯಲ್ಲಿ ಹೆಮ್ಮೆ ಇತ್ತು. ಈಗಲೂ!

“ನನ್ನ ಕೈಗೆ ಕೊಟ್ಟಾಗ ನಿಮಗೆ ಗೊತ್ತಿತ್ತಾ ಮೇಷ್ಟ್ರೇ?”

“ಗೊತ್ತಿತ್ತು.”

“ಮತ್ಯಾಕೆ ಕೊಟ್ರಿ?”

“ದಿನಾ ಅಳ್ತಾ ಬರ್ತಿದ್ದೆ. ನೋಡೋಕಾಗ್ತಿರಲಿಲ್ಲ. ಕೆಲಸ ಮಾಡ್ತೋ ಇಲ್ವೋ ಹೇಳು?”

“ಮಾಡ್ತು.”

“ಮತ್ತೆ?”

“ನನ್ನ ತಂಗಿಗೂ ಕೊಟ್ಟೆ. ಐದು ವರ್ಷದಿಂದ ಕಾಯ್ತಿದ್ದಾಳೆ” ಅಂದೆ. ಅವರು ಕನ್ನಡಕ ಸರಿಮಾಡಿಕೊಂಡರು. “ಅದು ಕೊಟ್ಟಿದ್ದು ನೀನಮ್ಮ” ಅಂದರು.

ಟೀ ಮುಟ್ಟಲಿಲ್ಲ. ಎದ್ದು ಬಂದೆ. ಇಪ್ಪತ್ತೈದು ವರ್ಷದಲ್ಲಿ ಆ ಮನೆಯಿಂದ ‘ಬರ್ತೀನಿ’ ಅನ್ನದೆ ಹೊರಟದ್ದು ಇದೇ ಮೊದಲು.

ಮಾರ್ಚ್ 9, ಭಾನುವಾರ

ಬೇಲಿಯೇ ಎದ್ದು ಹೊಲ ಮೇಯ್ದರೆ... ಬೆಳಗಿನಿಂದ ಇದೊಂದೇ ತಲೆಯಲ್ಲಿ.

ಆ ಪ್ರವಾಸಿಯ ಮೇಲೆ ಅಷ್ಟು ಸಿಟ್ಟಿಲ್ಲ. ಅವನ ಮುಖವನ್ನೇ ನಾನು ನೋಡಿಲ್ಲ. ಆದರೆ ಇವರು! ಅಡಿಟಿಪ್ಪಣಿ ಓದು ಅಂದವರು. ಜಾಮೀನು ಅಂದವರು. ನನ್ನ ಕೈಗೆ ಸುಳ್ಳು ಕೊಟ್ಟು, ಅದರ ಕೆಳಗೆ ಹದಿನೇಳು ವರ್ಷ ನನ್ನಿಂದಲೇ ಸಹಿ ಹಾಕಿಸಿದರು. ಪ್ರತಿ ವರ್ಷ ಪಟ್ಟಿ ತೋರಿಸಿದಾಗ ನಂಬರ್ ಒಂದರ ಮೇಲೆ ಬೆರಳಿಟ್ಟು “ಭೇಷ್” ಅನ್ನುತ್ತಿದ್ದರು. ಆ ಭೇಷ್ ಯಾರಿಗೆ? ಅವರ ಸಾಲಿಗೆ. ಅತ್ತುಬಿಟ್ಟೆ. ಅಳು ನಿಂತ ಮೇಲೆ ಇನ್ನೂ ಸಿಟ್ಟು ಬಂತು.

‘ಬಟ್ಟಲ ಕಣಿವೆ’ಯಲ್ಲಿ ಅಡಿಟಿಪ್ಪಣಿಯೇ ಇಲ್ಲ. ಒಂದೂ ಇಲ್ಲ. ಇದು ಇವತ್ತು ಹೊಳೆಯಿತು. ದೀಪದ ಬುಡದಲ್ಲೇ ಕತ್ತಲೆ.

ಬ್ರೇಕ್ ಸಾಹೇಬರು ಎಲ್ಲ ಕೇಳಿಸಿಕೊಂಡರು. “ಸುಳ್ಳಾದ್ರೇನು, ನಮ್ಮಿಬ್ಬರಿಗೆ ಲೋಟ ಸರಿಹೋಯ್ತಲ್ಲ?” ಅಂದರು. ಮೈಯೆಲ್ಲ ಉರಿದುಹೋಯಿತು. ನಮ್ಮಿಬ್ಬರಿಗೆ ಸರಿಹೋಗಿದ್ದು ಲೋಟದಿಂದಲ್ಲ, ನೀವು ಒಳ್ಳೆಯವರಾಗಿದ್ದರಿಂದ ಅಂತ ಕೂಗಿದೆ. ಅವರಿಗೆ ಬೈದೆನೋ ಹೊಗಳಿದೆನೋ ಇಬ್ಬರಿಗೂ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, “ತಂಗಿಗೆ ಹೇಳಿದ್ಯಾ?”

ನಾಳೆ ಹೇಳುತ್ತೇನೆ.

ಮಾರ್ಚ್ 11, ಮಂಗಳವಾರ

ಪಟ್ಟಿ ಕಳಿಸಿದೆ. ಹತ್ತರ ಬದಲು ಒಂಬತ್ತು. ಮೇಲಿನ ಆಫೀಸಿನಿಂದ ಫೋನ್: “ಮೇಡಂ, ನಂಬರ್ ಒಂದು ಬಿಟ್ಟುಹೋಗಿದೆ.” ಬಿಟ್ಟುಹೋಗಿಲ್ಲ ಅಂದೆ.

‘ಬಟ್ಟಲ ಕಣಿವೆ’ಯ ಇಲ್ಲಿರುವ ನಾಲ್ಕು ಪ್ರತಿಯನ್ನೂ ಕಾದಂಬರಿ ಕಪಾಟಿಗೆ ಸೇರಿಸಿದೆ. ಚೀಟಿ ಕೀಳಲು ಹೋದೆ. ಒದ್ದೆ ಬಟ್ಟೆ ಒತ್ತಿ ಇಟ್ಟು ಎಳೆದರೆ ಮೇಲಿನ ಸಾಲುಗಳು ಬಂದವು, ಸಹಿ ರಟ್ಟಿಗೇ ಅಂಟಿಕೊಂಡು ಉಳಿಯಿತು. ಗೋಂದು ಗಟ್ಟಿಯಾಗಿ ಹಚ್ಚುವುದನ್ನೂ ಮೇಷ್ಟ್ರೇ ಕಲಿಸಿದ್ದು.

ತಂಗಿ ಫೋನ್ ಮಾಡಿದಳು. ಹದಿನೆಂಟನೇ ದಿನ. ಅಳುತ್ತಿದ್ದಳು. ಹೇಳಬೇಕೆಂದು ಬಾಯಿ ತೆರೆದೆ. “ಊಟ ಆಯ್ತಾ?” ಅಂದೆ.

ಮಾರ್ಚ್ 15

ನಾಳೆ ಖಂಡಿತ.

ಮಾರ್ಚ್ 18

ಬಸ್ ಸ್ಟಾಪಿನವರೆಗೆ ಹೋದೆ. ಅವಳ ಕಡೆಯ ಬಸ್ಸು ಎರಡು ಬಂದವು, ಹತ್ತಲಿಲ್ಲ. ಏನಂತ ಹೇಳಲಿ? ನಿನ್ನ ಐದು ವರ್ಷ ಒಂದು ಕಟ್ಟುಕಥೆಗೆ ಹೋಯಿತು ಅಂತಲೇ?

ಮಾರ್ಚ್ 23, ಭಾನುವಾರ. ಸಂಜೆ

ಹೋಗಿ ಬಂದೆ.

ತಂಗಿ ಹೊಲಿಗೆ ಮಷೀನಿನ ಮುಂದೆ ಇದ್ದಳು. ಅಂಗಡಿಯವರು ಕೊಡುವ ಶರ್ಟುಗಳಿಗೆ ಕಾಜಾ ಹಾಕುತ್ತಾಳೆ. ಅವನು ಹೊರಗೆ ಹೋಗಿದ್ದ. ಊಟದ ಟೇಬಲ್ ಮೇಲೆ ಲೋಟ. ಬೋರಲು. ಮೂವತ್ತನೇ ದಿನ.

“ಸುತ್ತ ಒರೆಸ್ತೀನಿ ಅಕ್ಕಾ, ಎತ್ತಲ್ಲ. ಹಾಕ್ದೋರೇ ಎತ್ತಬೇಕಲ್ವಾ” ಅಂದಳು.

ಎಲ್ಲ ಹೇಳಿದೆ. ಹನ್ನೊಂದು ದಿನ, ಕಾಗದ, ಮೇಷ್ಟ್ರು. ಅವಳು ಮಷೀನಿನ ಡ್ರಾದಿಂದ ಪುಸ್ತಕ ತೆಗೆದಳು. ನಾನು ಕೊಟ್ಟ ಅದೇ ಪ್ರತಿ, ಐದು ವರ್ಷದಿಂದ ನನ್ನ ಹೆಸರಿನಲ್ಲೇ ರಿನ್ಯೂ ಆಗುತ್ತಿದ್ದದ್ದು. ಐದನೇ ಅಧ್ಯಾಯದ ಕೊನೇ ಸಾಲಿಗೆ ಪೆನ್ಸಿಲ್ ಗೆರೆ. ಒಂದಲ್ಲ, ಗೆರೆಯ ಮೇಲೆ ಗೆರೆ, ಕಾಗದ ಸವೆಯುವಷ್ಟು.

“ಇದೂ ಸುಳ್ಳಾ?”

“ಅದು ಮೇಷ್ಟ್ರು ಸೇರಿಸಿದ್ದು.”

ನಕ್ಕಳು. ಅಳುತ್ತಾಳೆ ಅಂದುಕೊಂಡಿದ್ದೆ, ನಗು ನೋಡಿ ಹೆದರಿಕೆಯಾಯಿತು. ಎದ್ದು ಹೋಗಿ ಆ ಲೋಟ ಎತ್ತಿದಳು. ತೊಳೆದಳು. ನೀರು ತುಂಬಿಸಿಕೊಂಡು ನಿಂತೇ ಕುಡಿದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಟೀ ಮಾಡಿ ಕೊಟ್ಟಳು. ಅರ್ಧ ಕುಡಿದಿದ್ದೆ.

“ನಿಂಗೆ ಯಾವಾಗ ಗೊತ್ತಾಯ್ತು ಅಕ್ಕಾ?”

ನಿನ್ನೆ ಅನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು. ಮೇಷ್ಟ್ರ ಮುಖ ನೆನಪಾಯಿತು.

“ಆರನೇ ತಾರೀಕು.”

ಬೆರಳು ಮಡಚಿ ಎಣಿಸಿದಳು. ಚಿಕ್ಕವಳಿದ್ದಾಗ ಲೆಕ್ಕ ಮಾಡುತ್ತಿದ್ದ ಹಾಗೇ, ತುಟಿ ಅಲ್ಲಾಡಿಸುತ್ತ.

“ಹದಿನೇಳು ದಿನ.”

“ಹೇಳೋಕೆ ಧೈರ್ಯ ಬರಲಿಲ್ಲ ಕಣೇ.”

“ನಾನು ಫೋನ್ ಮಾಡಿ ಅತ್ತೆ. ಊಟ ಆಯ್ತಾ ಅಂದೆ ನೀನು.”

ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಉಳಿದ ಟೀ ಸಿಂಕಿಗೆ ಚೆಲ್ಲಿದಳು. ತಂದು ನನ್ನ ಮುಂದೆ ಬೋರಲು ಇಟ್ಟಳು. ಮಷೀನಿಗೆ ಹೋಗಿ ಕೂತಳು. ಬಾಗಿಲು ನಾನೇ ಎಳೆದುಕೊಂಡು ಬಂದೆ.

ಮಾರ್ಚ್ 24, ಸೋಮವಾರ

ಒಂದು.

ಮಾರ್ಚ್ 25, ಮಂಗಳವಾರ

ಎರಡು. ಮೇಷ್ಟ್ರ ಫೋನ್ ಎರಡು ಸಲ ಬಂತು, ತೆಗೆಯಲಿಲ್ಲ. ಅವರಿಗೂ ಹೀಗೇ ಆಗುತ್ತಿರಬಹುದು. ಆಗಲಿ.

ಮಾರ್ಚ್ 26, ಬುಧವಾರ. ಸಂಜೆ 7

ಮೂರನೇ ಸಂಜೆ. ಫೋನ್ ಮುಂದಿಟ್ಟುಕೊಂಡು ಕೂತಿದ್ದೇನೆ. ಎಲ್ಲ ಸುಳ್ಳು ಅಂತ ಗೊತ್ತಿದ್ದೂ ಕಾಯುತ್ತಿದ್ದೇನೆ, ನಾಚಿಕೆಯಾಗುತ್ತದೆ. “ಎತ್ತುತ್ತಾಳೆ ಬಿಡು, ನಿನ್ನ ತಂಗಿ ಅಲ್ವಾ” ಅಂದರು ಇವರು. ಬಾಯಿ ಮುಚ್ಚಿಕೊಂಡಿರಿ ಅಂದೆ. ಪಾಪ, ನನ್ನ ಹತ್ತಿರವೇ ಕೂತಿದ್ದಾರೆ.

ಮಾರ್ಚ್ 27, ಗುರುವಾರ. ಬೆಳಿಗ್ಗೆ 10.40

ವಾಪಸು ಬಂದ ಪುಸ್ತಕ ಇಪ್ಪತ್ತೆಂಟು. ಹೊರಗಿನ ಪೆಟ್ಟಿಗೆಯಲ್ಲಿ, ಎಲ್ಲಕ್ಕಿಂತ ಮೇಲೆ, ತಂಗಿಯ ಪ್ರತಿ. ಬಾಗಿಲ ತನಕ ಬಂದು ಒಳಗೆ ಬರದೆ ಹೋಗಿದ್ದಾಳೆ.

ಒಳರಟ್ಟಿನಲ್ಲಿ ನನ್ನ ಚೀಟಿ ಹಾಗೇ ಇದೆ. ‘ಯಾರೂ ಇಲ್ಲ’ ಅನ್ನುವುದನ್ನು ಪೆನ್ನಿನಲ್ಲಿ ಹೊಡೆದು ಹಾಕಿದ್ದಾಳೆ. ನನ್ನ ಸಹಿಯ ಕೆಳಗೆ ಬರೆದಿದ್ದಾಳೆ— ‘ನಾನು ಕಾದೆ.’ ಅದರ ಕೆಳಗೆ ಪೂರ್ತಿ ಸಹಿ. ಬರೆದದ್ದಕ್ಕೆ ಸಹಿ ಹಾಕಬೇಕು ಅಂತ ಅವಳಿಗೆ ಹೇಳಿಕೊಟ್ಟವಳು ನಾನೇ.

ಅವಳ ಫೋನ್ ಸ್ವಿಚ್ ಆಫ್.

ಇವರಿಗೆ ಕಾರು ತರಲು ಹೇಳಿದ್ದೇನೆ. ಹೊರಟಿದ್ದಾರೆ, ಬ್ರೇಕ್ ಮೇಲಿನ ಕಾಲು ತೆಗೆದು ಬನ್ನಿ ಅಂದೆ. ಹೋಗಿ ಏನು ಹೇಳುವುದೋ ಗೊತ್ತಿಲ್ಲ. ಆ ಲೋಟ ಇನ್ನೂ ಅಲ್ಲೇ ಇದ್ದರೆ... ಹಾಕಿದವಳು ಅವಳು, ಎತ್ತಬೇಕಾದವಳೂ ಅವಳೇ. ಹಾಗಂತ ಹೇಳಿದ್ದು ಯಾರು? ಹನ್ನೊಂದು ದಿನ ಇದ್ದು ಹೋದವನೊಬ್ಬ. ಅವನ ಕಾನೂನು ನನಗ್ಯಾಕೆ? ಹಾರ್ನ್ ಕೇಳಿಸಿತು. ನಾನೇ ಹೋಗಿ ಎತ್ತಿದರೆ—